ಪ್ರವಾಹದ ಸೂಚನೆ: ಜಿಲ್ಲಾ ವೆಬ್‌ಸೈಟ್‌ಗೆ ಹೇಗೆ ಬರೆಯಬೇಕು?

ನದಿದಂಡೆ:
ಮಳೆಗಾಲಕ್ಕೆ ಮೊದಲೇ ಜಿಲ್ಲಾ ವೆಬ್‌ಸೈಟ್‌ನ ಪ್ರವಾಹ ಪುಟದ ಕರಡು ಸಿದ್ಧವಾಗಬೇಕಿದೆ. ಪುಟ ಇರುವುದು ಕೃಷ್ಣಾ ನದಿ ದಂಡೆಯ ತಾಲ್ಲೂಕುಗಳಿಗೆ. ಸದ್ಯಕ್ಕೆ ಸಹಿಯಾದ ಆದೇಶವನ್ನೇ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕುವ ಪದ್ಧತಿ. ಒಕ್ಕಣೆ ಹೀಗಿರುತ್ತದೆ:

“ಜಲಾಶಯದಿಂದ 2,50,000 ಕ್ಯೂಸೆಕ್ ನೀರನ್ನು ಹರಿಬಿಡಲಾಗುತ್ತಿರುವ ಹಿನ್ನೆಲೆಯಲ್ಲಿ ನದಿ ಪಾತ್ರದ ತಗ್ಗು ಪ್ರದೇಶದ ಸಾರ್ವಜನಿಕರು ಜನ-ಜಾನುವಾರುಗಳೊಂದಿಗೆ ಸುರಕ್ಷಿತ ಸ್ಥಳಗಳಿಗೆ ತೆರಳಲು ಈ ಮೂಲಕ ಸೂಚಿಸಲಾಗಿದೆ.”

ಇದನ್ನು ಬದಲಿಸಿ ಬರೆದರೆ “ಆದೇಶದಲ್ಲಿ ಹಾಗಿಲ್ಲವಲ್ಲ” ಎಂಬ ಆಕ್ಷೇಪ ಬರುತ್ತದೆ. ಏನು ಮಾಡಬಹುದು?

ಸರಳಗನ್ನಡ:
ಆದೇಶ ಕಡತಕ್ಕೆ, ಸೂಚನೆ ಜನರಿಗೆ. ಎರಡನ್ನೂ ಹಾಕಿ: ಸೂಚನೆ ಪುಟದಲ್ಲಿ, ಆದೇಶ ಅದರ ಕೆಳಗೆ ಕೊಂಡಿಯಾಗಿ. ಆಕ್ಷೇಪ ಅಲ್ಲಿಗೆ ಮುಗಿಯುತ್ತದೆ.

ನಿಮ್ಮ ಒಕ್ಕಣೆಯಲ್ಲಿ ಯಾವ ಊರು, ಎಷ್ಟು ಹೊತ್ತಿನೊಳಗೆ, ಎಲ್ಲಿಗೆ, ಯಾವ ದಾರಿಯಲ್ಲಿ ಎಂಬ ನಾಲ್ಕೂ ಇಲ್ಲ. ತನ್ನ ಮನೆ “ತಗ್ಗು ಪ್ರದೇಶ”ದಲ್ಲಿದೆ ಎಂದು ಯಾರೂ ಒಪ್ಪುವುದಿಲ್ಲ, ಪಕ್ಕದ ಓಣಿಯವರಿಗೆ ಹೇಳಿದ್ದು ಎಂದುಕೊಳ್ಳುತ್ತಾರೆ. ಊರಿನ ಹೆಸರೇ ಬೇಕು, ಸಾಧ್ಯವಿದ್ದರೆ ಓಣಿಯ ಹೆಸರೂ. ಹೀಗೆ ಬರೆಯಬಹುದು, ಆವರಣ ಇರುವಲ್ಲಿ ಹೆಸರು ತುಂಬಿ:

“ಜುಲೈ 26, ಶನಿವಾರ, ಬೆಳಿಗ್ಗೆ 11 ಗಂಟೆ.
(ಊರುಗಳು) ಜನ ಶನಿವಾರ ಸಂಜೆ 5ರೊಳಗೆ ಮನೆ ಬಿಟ್ಟು ಹೊರಡಿ. ರಾತ್ರಿ ನೀರು ಊರೊಳಗೆ ಬರಬಹುದು.
(ಶಾಲೆ)ಯಲ್ಲಿ ಕಾಳಜಿ ಕೇಂದ್ರ ತೆರೆದಿದೆ. ದನಕರುಗಳಿಗೆ (ಜಾಗ)ದಲ್ಲಿ ಮೇವು, ನೀರು ಇದೆ.
(ಸೇತುವೆ) ದಾಟಬೇಡಿ. (ಊರಿನ) ರಸ್ತೆಯಲ್ಲಿ ಬನ್ನಿ.
ವಾಹನ ಬೇಕಿದ್ದರೆ 1077. ಪ್ರಾಣಾಪಾಯವಿದ್ದರೆ 112.
ಮುಂದಿನ ಮಾಹಿತಿ: ಶನಿವಾರ ಮಧ್ಯಾಹ್ನ 3 ಗಂಟೆಗೆ.”

ದನಕರುಗಳ ಸಾಲು ತೆಗೆಯಬೇಡಿ. ಎಮ್ಮೆ ಕಟ್ಟಲು ಜಾಗವಿದೆಯೋ ಇಲ್ಲವೋ ಗೊತ್ತಾಗದೆ ರೈತರು ಮನೆ ಬಿಡುವುದಿಲ್ಲ. “ಇಂದು”, “ನಾಳೆ” ಬರೆಯಬೇಡಿ. ವಾಟ್ಸಾಪ್‌ನಲ್ಲಿ ಎರಡು ದಿನ ಸುತ್ತಿದ ಮೇಲೆ ಅದು ಬೇರೆಯೇ ದಿನವಾಗುತ್ತದೆ. ದಿನಾಂಕ ಮೊದಲ ಸಾಲಿನಲ್ಲೇ ಇರಲಿ, ಜನ ಸ್ಕ್ರೀನ್‌ಶಾಟ್ ತೆಗೆಯುವುದು ಪುಟದ ಮೇಲ್ಭಾಗವನ್ನು.

ಕ್ಯೂಸೆಕ್ ಲೆಕ್ಕ ಬೇಡ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅದರಿಂದ ಮನೆ ಮುಳುಗುತ್ತದೋ ಇಲ್ಲವೋ ತಿಳಿಯುವುದಿಲ್ಲ.

ಹೊರಹರಿವು:
ಕ್ಯೂಸೆಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ದಂಡೆಯ ರೈತರಿಗೆ ಅದು ಬಾಯಿಪಾಠ. ಎಷ್ಟು ಬಿಟ್ಟರೆ ಯಾವ ಹೊಲಕ್ಕೆ ನೀರು ಬರುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಅಂಕಿ ಕೈಬಿಟ್ಟರೆ ಟಿವಿಯಲ್ಲಿ, ಗುಂಪುಗಳಲ್ಲಿ ಹುಡುಕುತ್ತಾರೆ, ಅಲ್ಲಿ ಒಳಹರಿವನ್ನೇ ಹೊರಹರಿವು ಎಂದು ಹಾಕಿರುತ್ತಾರೆ. ಸೂಚನೆಯ ಕೊನೆಯಲ್ಲಿ ಅಂಕಿ, ಅಳತೆಯ ಹೊತ್ತು, ಜಲಾಶಯದ ಹೆಸರು ಕೊಡಿ.

ಬರೀ “ಜಲಾಶಯದಿಂದ” ಎಂದರೆ ಸಾಲದು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯವರಿಗೆ ಆಲಮಟ್ಟಿ ಜಲಾಶಯ ನದಿಯ ಕೆಳಭಾಗದಲ್ಲಿದೆ. ಅವರು ನೋಡಬೇಕಾದದ್ದು ಮೇಲಿನಿಂದ ಬರುವ ನೀರು: ಕೊಯ್ನಾ ಜಲಾಶಯ, ರಾಜಾಪುರ ಬ್ಯಾರೇಜ್, ದೂಧಗಂಗಾ ನದಿ. ಲಿಂಗಸುಗೂರು, ದೇವದುರ್ಗದವರಿಗೆ ನಾರಾಯಣಪುರ ಜಲಾಶಯದ ಹೊರಹರಿವು ಮುಖ್ಯ. ಒಂದೇ ಸೂಚನೆ ಎಲ್ಲರಿಗೂ ಆಗುವುದಿಲ್ಲ.

2019ರ ಹೋಲಿಕೆಯೂ ಬೇಡ. ಆ ಆಗಸ್ಟ್‌ನಲ್ಲಿ ಆಲಮಟ್ಟಿಯ ಹೊರಹರಿವು 5 ಲಕ್ಷ ಕ್ಯೂಸೆಕ್ ದಾಟಿತ್ತು. “ಅಷ್ಟಿಲ್ಲ” ಎಂದು ಓದಿದವರು ಅಲ್ಲೇ ಉಳಿಯುತ್ತಾರೆ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಕೂಡ ಮಳೆಯ ಎಚ್ಚರಿಕೆಯೇ ಹೊರತು ಊರು ಬಿಡುವ ಆದೇಶವಲ್ಲ, ಎರಡನ್ನೂ ಬೆರೆಸಬೇಡಿ.

ಯೂನಿಕೋಡ್ ಪ್ರೇಮಿ:
ತಾಂತ್ರಿಕ ಮಾತು. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ: ಗೂಗಲ್ ಹುಡುಕಾಟದಲ್ಲಿ ಸಿಗುವುದು ಕಷ್ಟ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದಿಲ್ಲ, ಮಳೆಯಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಇಳಿಯುವುದೂ ಇಲ್ಲ. ಅಕ್ಷರವಾಗಿಯೇ ಪುಟದಲ್ಲಿ ಹಾಕಿ. ಕಚೇರಿಯ ಹಳೆಯ, ಯೂನಿಕೋಡ್ ಅಲ್ಲದ ‘ನುಡಿ’ ಫಾಂಟಿನ ಕಡತದಿಂದ ನೇರ ಅಂಟಿಸಿದರೆ ಕಲಸುಮೇಲೋಗರ ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಕಣ್ಣಾರೆ ನೋಡಿ. ಊರಿನ ಹೆಸರುಗಳೇ ಹೆಚ್ಚಾಗಿ ಕೆಡುವುದು.

ಎಸ್‌ಎಂಎಸ್ ಕಳಿಸುವುದಿದ್ದರೆ ಕನ್ನಡದಲ್ಲಿ ಒಂದಕ್ಕೆ 70 ಸಂಕೇತ ಮಾತ್ರ, ಮೀರಿದರೆ ತುಂಡಿಗೆ 67. ಗುಣಿತ, ಒತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. “ಸುರಕ್ಷಿತ ಸ್ಥಳಕ್ಕೆ” ಎಂಬುದೇ 17 ನುಂಗುತ್ತದೆ. ಅದರ ಬದಲು ಶಾಲೆಯ ಹೆಸರು ಹಾಕಿ.

ನದಿದಂಡೆ:
ತುಂಬಾ ಉಪಯೋಗವಾಯಿತು. ರಾತ್ರಿ ಹೊತ್ತು ಅನುಮೋದನೆಗೆ ಕಾಯುವುದು ಹೇಗೆ? ನೀರು ಇಳಿದ ಮೇಲೆ ಪುಟ ಅಳಿಸಬೇಕೇ?

ಸರಳಗನ್ನಡ:
ನಮೂನೆಗೆ ಈಗಲೇ ಒಪ್ಪಿಗೆ ಪಡೆದಿಡಿ, ಆ ರಾತ್ರಿ ಖಾಲಿ ಜಾಗಗಳಿಗೆ ಮಾತ್ರ ಒಪ್ಪಿಗೆ ಸಾಕು. ತಹಶೀಲ್ದಾರರಿಗೆ ಫೋನಿನಲ್ಲಿ ಊರಿನ ಹೆಸರು, ಹೊತ್ತು, ರಸ್ತೆ ಓದಿ ಹೇಳಿ, ಅವರು ತಿರುಗಿ ಓದಿ ಹೇಳಲಿ. ಹೇಳಿದ ಹೊತ್ತಿಗೆ ಹೊಸ ಸಂಗತಿ ಏನೂ ಇಲ್ಲದಿದ್ದರೂ “3 ಗಂಟೆ: ಬದಲಾವಣೆ ಇಲ್ಲ” ಎಂದು ಹಾಕಿ.

ಪುಟ ಅಳಿಸಬೇಡಿ, ವಿಳಾಸವನ್ನೂ ಬದಲಿಸಬೇಡಿ. ಹಂಚಿಹೋದ ಕೊಂಡಿ ಒತ್ತಿದವರಿಗೆ ಖಾಲಿ ಪುಟ ಸಿಗಬಾರದು. ಅದೇ ಪುಟದ ಮೇಲೆ “ಜುಲೈ 30, ಬೆಳಿಗ್ಗೆ 9: ಈ ಸೂಚನೆ ಮುಗಿದಿದೆ” ಎಂದು ಬರೆದು, ಯಾವ ಸೇತುವೆ ತೆರೆದಿದೆ, ಬೆಳೆ-ಮನೆ ಹಾನಿಗೆ ಎಲ್ಲಿ ಅರ್ಜಿ ಕೊಡಬೇಕು ಎಂಬುದನ್ನು ಕೆಳಗೆ ಸೇರಿಸಿ. ಸರ್ವರ್‌ನ ಕ್ಯಾಶ್ (ಅದರಲ್ಲಿ ಉಳಿದ ಪುಟದ ಹಳೆಯ ಪ್ರತಿ) ತೆರವು ಮಾಡಿಸಿ, ಬೇರೊಂದು ಮೊಬೈಲ್‌ನಲ್ಲಿ ತೆರೆದು ನೋಡಿ.