ಅಪ್‌ಡೇಟ್: ತಂಗಿಯ ನರ್ಸಿಂಗ್ ಕೆಲಸಕ್ಕೆ ಬ್ರಿಟನ್ ಬಿಟ್ಟು ಜರ್ಮನಿ

ಸಾಗರದಲ್ಲಿರೋ ತಂಗಿಗೆ ಬಿ.ಎಸ್ಸಿ. ನರ್ಸಿಂಗ್ ಆಗಿದೆ, ಬ್ರಿಟನ್ನೋ ಜರ್ಮನಿಯೋ ಅಂತ ಕೇಳಿದ್ದೆ. ಜರ್ಮನಿ ಅಂತ ತೀರ್ಮಾನವಾಯ್ತು. ಬ್ರಿಟನ್‌ನಲ್ಲಿ ಹೊರದೇಶದ ನರ್ಸ್‌ಗಳ ನೇಮಕಾತಿ ಇಳಿದಿದೆ. ಹೊರಗಿಂದ ಹೋಗೋರಿಗೆ ಕೇರ್ ವರ್ಕರ್ (ವಯಸ್ಸಾದವರನ್ನ, ಕಾಯಿಲೆಯವರನ್ನ ನೋಡ್ಕೊಳ್ಳೋ ಕೆಲಸ) ವೀಸಾ 2025ರ ಜುಲೈ 22ರಿಂದ ಬಂದ್. ಅದನ್ನ ಈಗಲೂ ಮಾರೋ ಏಜೆಂಟ್ ಹತ್ರ ಮಾತೇ ಬೇಡ.

ಜರ್ಮನಿಗೆ ಭಾಷೆಯೇ ಆಗುಂಬೆ ಘಾಟಿ. ಪೂರ್ತಿ ನರ್ಸ್ ಅಂತ ಮಾನ್ಯತೆ ಸಿಗೋಕೆ ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಬಿ2 ಮಟ್ಟ (ಸರಾಗವಾಗಿ ಮಾತಾಡೋಷ್ಟು) ಬೇಕು, ಅಲ್ಲಿವರೆಗೆ ಸಹಾಯಕಿಯ ಸಂಬಳ. ಬಿ2 ಇಲ್ಲೇ ಮುಗಿಸೋದು ಲೇಸು.

ಇನ್ನು ಹೆಸರಿನ ಗೋಳು. ಅಂಕಪಟ್ಟಿಯಲ್ಲಿ ಬರೀ ‘ಎಚ್.ಎಸ್.’, ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದಿದೆ. ಇಬ್ಬರೂ ಒಬ್ಬರೇ ಅನ್ನೋ ನೋಟರಿ ಅಫಿಡವಿಟ್ ಮೊದಲೇ ಮಾಡಿಸಿ, ಉಳಿದ ಕಾಗದಗಳ ಜೊತೆ ಜರ್ಮನ್‌ಗೆ ಅನುವಾದಿಸಿ ಇಟ್ಕೊಳ್ಳಿ.

ಭಾರತ ಸರ್ಕಾರದಲ್ಲಿ ನೋಂದಾಯಿತ ನೇಮಕಾತಿ ಏಜೆಂಟ್ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ. ರಸೀದಿ ಇಸ್ಕೊಳ್ಳಿ.