ನಿಧಿ ಸಂಗ್ರಹದ ಕೆಲಸ: ಈ ವಾರದ ಪ್ರಶ್ನೋತ್ತರ

(ಉತ್ತರಿಸುವವರು: ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಗಳಲ್ಲಿ ಬಹುಕಾಲ ಫಂಡ್‌ರೈಸಿಂಗ್ ನೋಡಿಕೊಂಡ ಮೇಡಂ)

ಧಾರವಾಡದ ಸದಸ್ಯೆ: ನಮಸ್ಕಾರ್ರೀ ಮೇಡಂ. ಇಲ್ಲಿ ಒಂದು ಸಂಸ್ಥೆಗೆ, ದಾನಿಗಳ ಕಡೆ ರೊಕ್ಕ ಕೇಳೂ ಪ್ರಪೋಸಲ್ ಬರೀತೀನಿ. ಬೆಂಗಳೂರಿನ ಟ್ರಸ್ಟ್ ಒಂದು ಕರದೈತಿ. ಸಂಬಳ 20,000, ತಂದ ರೊಕ್ಕದ ಮ್ಯಾಲೆ ಶೇ. 8 ಕಮಿಷನ್. ಈಗಿನ ಸಂಸ್ಥೆಯ ದಾನಿಗಳ ಪಟ್ಟಿ ತಂದ್ರ ಬೋನಸ್ ಅಂತಾರ. ವಿದೇಶಿ ರೊಕ್ಕ ತಗೊಳ್ಳಾಕ ಬೇಕಾದ ಎಫ್‌ಸಿಆರ್‌ಎ ನೋಂದಣಿಯ ನವೀಕರಣ ಇನ್ನೇನು ಬಂತು ಅಂದ್ರು. ಸೇರ್ಲೋ ಬ್ಯಾಡೋ?

ಮೇಡಂ: ಮೂರು ಮಾತೂ ನನಗೆ ದಿಗಿಲು ಹುಟ್ಟಿಸಿವೆಯಮ್ಮ. ಕಮಿಷನ್ ಯಾವ ದುಡ್ಡಿನಿಂದ ಕೊಡ್ತಾರೆ ಅಂತ ಮೊದಲು ಕೇಳಿ. ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜಸೇವೆಗೆ ಅಂತ ಕೊಡೋ ದುಡ್ಡು, ಆದರೆ ಕಂಪನಿಯವರು ಬಜೆಟ್ಟಿನ ಒಂದೊಂದು ಸಾಲನ್ನೂ ನೋಡಿರ್ತಾರೆ, ತಂದವರಿಗೆ ಪಾಲು ಅಂತ ಬರೆದರೆ ಒಪ್ಪಲ್ಲ. ವಿದೇಶಿ ದೇಣಿಗೆಯಾದರೆ ಎಫ್‌ಸಿಆರ್‌ಎ ಕಾಯ್ದೆಗೆ 2020ರ ತಿದ್ದುಪಡಿ ಬಂದಮೇಲೆ ಆಡಳಿತ ಖರ್ಚು ಶೇ. 20 ದಾಟುವಂತಿಲ್ಲ, ಮುಂಚೆ ಶೇ. 50 ಇತ್ತು. ಆಫೀಸ್ ಬಾಡಿಗೆ, ಕರೆಂಟ್ ಬಿಲ್ಲು ಎಲ್ಲ ಅದರೊಳಗೇ. ಒಂದೋ ನಿಮ್ಮ ಕಮಿಷನ್ ಬರಲ್ಲ, ಇಲ್ಲ ಮಕ್ಕಳ ನೋಟ್‌ಬುಕ್ಕಿನ ಲೆಕ್ಕದಲ್ಲಿ ತೂರಿಸ್ತಾರೆ. ಆಡಿಟರ್ ಮುಂದೆ ವೋಚರ್ ಮೇಲಿರೋದು ನಿಮ್ಮ ಸಹಿ. ಅಮೆರಿಕದ ಫಂಡ್‌ರೈಸರ್‌ಗಳ ಸಂಘ ಎಎಫ್‌ಪಿಯ ನೀತಿಸಂಹಿತೆಯೂ ಇಂಥ ಶೇಕಡಾವಾರು ಸಂಭಾವನೆ ಕೂಡದು ಅನ್ನುತ್ತೆ. ದೊಡ್ಡ ದಾನಿ ಮನಸ್ಸು ಮಾಡೋಕೆ ವರ್ಷವೇ ಹಿಡಿಯಬಹುದು. ಕಮಿಷನ್ ನೆಚ್ಚಿ ಕೂತವರು ಅವರನ್ನ ಮಾರ್ಚ್ ಒಳಗೇ ಪೀಡಿಸಿ ಕಳಕೊಳ್ತಾರೆ.

ದಾನಿಗಳ ಪಟ್ಟಿ ನಿಮ್ಮದಲ್ಲ. ಆ ಜನ ಫೋನ್ ನಂಬರು, ಪ್ಯಾನ್ ಕೊಟ್ಟಿದ್ದು ಸಂಸ್ಥೆಯನ್ನ ನಂಬಿ. ಮುಟ್ಟಬೇಡಿ.

ಎಫ್‌ಸಿಆರ್‌ಎ ನೋಂದಣಿ 5 ವರ್ಷಕ್ಕೆ. ಪ್ರಮಾಣಪತ್ರದ ಪ್ರತಿ ತರಿಸಿ ಕೊನೆಯ ದಿನಾಂಕ ನೋಡಿ. ಅವಧಿ ಮುಗಿದಿದ್ದರೆ ವಿದೇಶದಿಂದ ಒಂದು ರೂಪಾಯಿ ತಗೊಳ್ಳುವಂತಿಲ್ಲ, ಟಾರ್ಗೆಟ್ ಮಾತ್ರ ನಿಮ್ಮ ತಲೆ ಮೇಲೆ. ಮೂರು ವರ್ಷದ ಆಡಿಟ್ ವರದಿಯನ್ನೂ ಕೇಳಿ. ನಿಮಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರಿಗೆ ಫೋನ್ ಮಾಡಿ, ಯಾಕೆ ಬಿಟ್ಟರು ವಿಚಾರಿಸಿ.

ತುಮಕೂರಿನ ಸದಸ್ಯ: ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಇಲ್ಲದಿದ್ದರೆ ಈ ಕೆಲಸ ಸಿಗುತ್ತಾ ಮೇಡಂ?

ಮೇಡಂ: ಸಿಗುತ್ತೆ. ಬರೆಯೋಕೆ ಬರಬೇಕು, ಎಕ್ಸೆಲ್ ಬರಬೇಕು.

ಶಿವಮೊಗ್ಗದ ಸದಸ್ಯೆ: ಮಗು ಆಯ್ತು ಅಂತ ನಾಲ್ಕು ವರ್ಷ ಕೆಲಸ ಬಿಟ್ಟಿದ್ದೆ. ರೆಸ್ಯೂಮೆಯಲ್ಲಿ ಅದನ್ನ ಹೇಗೆ ಬರೀಲಿ?

ಮೈಸೂರಿನ ಸದಸ್ಯ: ಫಾರ್ವರ್ಡ್ ಬಂದಿದೆ: "4,999 ಕಟ್ಟಿ ಆನ್‌ಲೈನ್ ಕೋರ್ಸ್ ಮುಗಿಸಿದರೆ ವಿಶ್ವಸಂಸ್ಥೆಯಲ್ಲಿ ಕೆಲಸ ಖಚಿತ." ನಿಜವೇ?

ಮೇಡಂ: ಸುಳ್ಳು. ವಿಶ್ವಸಂಸ್ಥೆ ನೇಮಕಾತಿಯ ಯಾವ ಹಂತದಲ್ಲೂ ದುಡ್ಡು ಕೇಳಲ್ಲ. ಹೋದ ವಾರವೂ ಇದನ್ನೇ ಹಾಕಿದ್ರಿ, ಇದೇ ಹೇಳಿದ್ದೆ. ಕೆಲಸವಿಲ್ಲದ ಹುಡುಗರು ಸಾಲ ಮಾಡಿ ಕಟ್ತಾರೆ ಸ್ವಾಮಿ, ದಯವಿಟ್ಟು ಅಳಿಸಿ.

ಹಾಸನದ ಸದಸ್ಯ: ಸೇವೆ ಮಾಡೋಕೆ ಬಂದವರಿಗೆ ಇಷ್ಟೊಂದು ಸಂಬಳದ ಚಿಂತೆ ಯಾಕೋ.

ಬೆಂಗಳೂರಿನ ಸದಸ್ಯ: ಸರ್, ನಾನು ಮಾಲ್ ಬಾಗಿಲಲ್ಲಿ ಕೊರಳಿಗೆ ಐಡಿ ಕಾರ್ಡ್ ಹಾಕ್ಕೊಂಡು, ಬರೋರು ಹೋಗೋರನ್ನ ನಿಲ್ಲಿಸಿ ತಿಂಗಳ ದೇಣಿಗೆಯ ಫಾರ್ಮ್ ತುಂಬಿಸ್ತಿದ್ದವನು. ಸಂಜೆಗೆ ಕಾಲು ಊದ್ತಿತ್ತು. ಪಿಜಿ ಬಾಡಿಗೆ ಸೇವೆಯಿಂದ ಕಟ್ಟಕ್ಕಾಗುತ್ತಾ?

ಹಾಸನದ ಸದಸ್ಯ: ಹಾಗಾದರೆ ಬ್ಯಾಂಕಿಗೆ ಸೇರಬೇಕಿತ್ತು.

ಬೆಂಗಳೂರಿನ ಸದಸ್ಯ: ನೀವು ಯಾವತ್ತಾದರೂ ಒಬ್ಬ ಅಪರಿಚಿತನ ಹತ್ರ ನೂರು ರೂಪಾಯಿ ಕೇಳಿದ್ದೀರಾ? ಕೇಳಿ ಆಮೇಲೆ ಮಾತಾಡಿ.

ಹಾಸನದ ಸದಸ್ಯ: ವಯಸ್ಸಿಗಾದರೂ ಮರ್ಯಾದೆ ಕೊಡಪ್ಪ.

ಮೇಡಂ: ಇಬ್ಬರೂ ನಿಲ್ಲಿಸಿ. ಹಾಸನದವರೇ, ಸಂಬಳ ಸರಿಯಾಗಿ ಕೊಡದ ಕಡೆಯೇ ಕಮಿಷನ್ ಹುಟ್ಟೋದು.

ಕಲಬುರಗಿಯ ಸದಸ್ಯ: ಎಂ.ಎಸ್.ಡಬ್ಲ್ಯು. ಕಡ್ಡಾಯ ಏನ್ರೀ ಮೇಡಂ?

ಮೇಡಂ: ಮೇಲೆ ಓದಿ.

ಧಾರವಾಡದ ಸದಸ್ಯೆ: ಮೇಡಂ, ಪ್ರಮಾಣಪತ್ರ ಕೇಳಿದೆ. ಸೇರಿದ ಮ್ಯಾಲೆ ತೋರಸ್ತೀವಿ ಅಂದ್ರು. ಕಮಿಷನ್ನೂ ಆಫರ್ ಲೆಟರಿನಾಗ ಬರಿಯೂದಿಲ್ಲಂತ.

ಮೇಡಂ: ಹೋಗಬೇಡಿ. ಈಗಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಿಲ್ಲ ತಾನೇ? ನೀವು ಬರೆದ ಪ್ರಪೋಸಲ್‌ಗಳಲ್ಲಿ ಎಷ್ಟಕ್ಕೆ ಹಣ ಬಂತು, ಎಷ್ಟು ದಾನಿಗಳು ಮರುವರ್ಷವೂ ಕೊಟ್ಟರು ಅನ್ನೋದನ್ನ, ದಾನಿಗಳ ಹೆಸರು ಬಿಟ್ಟು, ಒಂದು ಪುಟದಲ್ಲಿ ಬರೆದು ನನಗೆ ಕಳಿಸಿ. ನೋಡಿ ತಿದ್ದಿಕೊಡ್ತೀನಿ.