ಬ್ರಿಟನ್‌ನ ಸ್ಪೌಸ್ ವೀಸಾ ನಿರಾಕರಣೆ: ಮೇಲ್ಮನವಿಗೆ ಯಾರ ನೆರವು ಪಡೆಯಬೇಕು?

ಪ್ರಶ್ನೆ: ಹೇಮಾವತಿ ದಂಡೆ (ಲೆಸ್ಟರ್)

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವನು. ಎಂಟು ವರ್ಷಗಳಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಎರಡು ವರ್ಷಗಳ ಹಿಂದೆ ನನಗೆ ಐಎಲ್‌ಆರ್, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ ದೊರೆತಿದೆ. ಕಳೆದ ಫೆಬ್ರವರಿಯಲ್ಲಿ ಊರಿನಲ್ಲಿ ನನ್ನ ಮದುವೆಯಾಯಿತು. ಜುಲೈನಲ್ಲಿ ನನ್ನ ಹೆಂಡತಿ ಬೆಂಗಳೂರಿನಿಂದ ಸ್ಪೌಸ್ ವೀಸಾಗೆ ಅರ್ಜಿ ಹಾಕಿದಳು. ಹನ್ನೊಂದು ದಿನಗಳ ಹಿಂದೆ ನಿರಾಕರಣ ಪತ್ರ ಕೈಸೇರಿದೆ.

ಪತ್ರದಲ್ಲಿ ಎರಡು ಕಾರಣಗಳನ್ನು ಕೊಟ್ಟಿದ್ದಾರೆ. ಮೊದಲನೆಯದು ನನ್ನ ಆದಾಯದ ದಾಖಲೆ. ನಾನು ಮಾರ್ಚ್‌ನಲ್ಲಿ ಕೆಲಸ ಬದಲಿಸಿದ್ದರಿಂದ ಅರ್ಜಿ ಹಾಕುವ ಹೊತ್ತಿಗೆ ಹೊಸ ಕಂಪನಿಯಲ್ಲಿ ನಾಲ್ಕೇ ತಿಂಗಳಾಗಿತ್ತು. ಸಂಬಳ ವರ್ಷಕ್ಕೆ 34,500 ಪೌಂಡ್ ಇದ್ದು, ನಿಗದಿತ 29,000 ಪೌಂಡಿಗಿಂತ ಹೆಚ್ಚೇ ಇದೆ. ಆದರೂ ‘ನಿಯಮ ಕೇಳುವ ಅವಧಿಯ ದಾಖಲೆಗಳನ್ನು ಒದಗಿಸಿಲ್ಲ’ ಎಂದು ಬರೆದಿದ್ದಾರೆ. ಎರಡನೆಯ ಕಾರಣ ಓದಿ ನನಗೆ ನಿದ್ದೆಯೇ ಬಂದಿಲ್ಲ. ಲಗ್ನಪತ್ರಿಕೆಯಲ್ಲಿ ಮುಹೂರ್ತ ಫೆಬ್ರವರಿಯಲ್ಲಿದೆ. ಆದರೆ ಅರ್ಜಿ ತುಂಬಿದ ಏಜೆಂಟರು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ಮಾರ್ಚ್ ತಿಂಗಳ ದಿನಾಂಕವನ್ನೇ ಮದುವೆಯ ದಿನವೆಂದು ನಮೂದಿಸಿಬಿಟ್ಟಿದ್ದಾರೆ. ಈ ವ್ಯತ್ಯಾಸವನ್ನೂ, ಮದುವೆಯ ನಂತರ ನಾವು ಒಟ್ಟಿಗೆ ಇದ್ದದ್ದು ಮೂರೇ ವಾರ ಎಂಬುದನ್ನೂ ಮುಂದಿಟ್ಟುಕೊಂಡು, ನಮ್ಮ ದಾಂಪತ್ಯ ನಿಜವಾದದ್ದೆಂದು ಮನವರಿಕೆಯಾಗಿಲ್ಲ ಎಂದಿದ್ದಾರೆ.

ಅದೇ ಏಜೆಂಟರು ಈಗ 1,80,000 ರೂಪಾಯಿ ಕೊಟ್ಟರೆ ತಾವೇ ಅಪೀಲು ಹಾಕಿ ಮೂರು ತಿಂಗಳಲ್ಲಿ ವೀಸಾ ಕೊಡಿಸುವುದಾಗಿ ಹೇಳುತ್ತಿದ್ದಾರೆ. ಹೆಂಡತಿಯ ಮನೆಯವರು ಅವರನ್ನೇ ನಂಬಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಇಲ್ಲಿಯ ಸಾಲಿಸಿಟರ್ (ವಕೀಲರು) ಒಬ್ಬರನ್ನು ಹಿಡಿಯಬೇಕೆ, ನಾವೇ ಮೇಲ್ಮನವಿ ಸಲ್ಲಿಸಬಹುದೇ, ಅಥವಾ ಹೊಸ ಅರ್ಜಿ ಹಾಕುವುದೇ ಮೇಲೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ತೀರ್ಥಹಳ್ಳಿಯವನು (ರೆಡಿಂಗ್)

ನಿಮ್ಮ ಪತ್ರ ಓದುವಾಗ ನಾಲ್ಕು ವರ್ಷಗಳ ಹಿಂದಿನ ನಮ್ಮ ಮನೆಯ ಸ್ಥಿತಿಯೇ ಕಣ್ಣ ಮುಂದೆ ಬಂತು. ನನ್ನ ಹೆಂಡತಿಯ ವೀಸಾ ನಿರಾಕರಣೆಯಾಗಿ, ಮೇಲ್ಮನವಿ ಹಾಕಿ, ಕೊನೆಗೆ ಗೆದ್ದೆವು. ಹಾಗಾಗಿ ಅನುಭವದಿಂದಲೇ ಹೇಳುತ್ತೇನೆ.

ಮೊದಲು ಗಡುವಿನ ಮಾತು. ಅರ್ಜಿದಾರರು ಬ್ರಿಟನ್‌ನ ಹೊರಗಿದ್ದರೆ, ನಿರ್ಧಾರ ಕೈಸೇರಿದ ದಿನದಿಂದ 28 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ನಿಮಗೆ ಹನ್ನೊಂದು ದಿನ ಕಳೆದಿವೆ, ಉಳಿದಿರುವುದು ಹದಿನೇಳು. ತಡವಾದರೆ ಕಾರಣ ಕೊಟ್ಟು ಅವಕಾಶ ಕೇಳಬಹುದಾದರೂ, ಆ ಕಾರಣವನ್ನು ಒಪ್ಪುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ವಕೀಲರನ್ನು ಹುಡುಕುವ ಭರದಲ್ಲಿ ಈ ದಿನಾಂಕವನ್ನು ಮರೆಯಬೇಡಿ. ಮೇಲ್ಮನವಿಯ ಶುಲ್ಕ ವಿಚಾರಣೆ ಬೇಕೆಂದರೆ 140 ಪೌಂಡ್, ಕೇವಲ ದಾಖಲೆಗಳ ಮೇಲೆ ತೀರ್ಮಾನವಾಗಲಿ ಎಂದರೆ 80 ಪೌಂಡ್. ನಿಮ್ಮದು ದಾಂಪತ್ಯವನ್ನೇ ಶಂಕಿಸಿರುವ ಪ್ರಕರಣ. ಅರವತ್ತು ಪೌಂಡ್ ಉಳಿಸಲು ಹೋಗಿ ಎದುರಿಗೆ ಕೂತು ಮಾತನಾಡುವ ಅವಕಾಶವನ್ನು ಕಳೆದುಕೊಳ್ಳಬೇಡಿ.

ನಾವು ಸಾಲಿಸಿಟರ್ ಒಬ್ಬರಿಗೆ ಮೊದಲು ಕೊಟ್ಟದ್ದು ಒಂದೇ ಒಂದು ಭೇಟಿಯ ಶುಲ್ಕ. ಅವರು ನಿರಾಕರಣ ಪತ್ರವನ್ನು ಮೇಜಿನ ಮೇಲೆ ಹರಡಿ, ಪ್ರತಿ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾ, ‘ಇದಕ್ಕೆ ಉತ್ತರ ನಿಮ್ಮ ಬಳಿ ಇದೆಯೇ’ ಎಂದು ಕೇಳುತ್ತಾ ಹೋದರು. ಮುಕ್ಕಾಲು ಗಂಟೆಯಾದ ಮೇಲೆ ಮೇಲ್ಮನವಿಯಲ್ಲಿ ಗೆಲ್ಲುವ ಅವಕಾಶ ಎಷ್ಟಿದೆ, ಯಾವ ದಾಖಲೆಗಳ ಕೊರತೆಯಿದೆ ಎಂಬುದನ್ನು ಎರಡು ಪುಟಗಳಲ್ಲಿ ಬರೆದು ಕಳುಹಿಸಿದರು. ಪೂರ್ತಿ ಪ್ರಕರಣವನ್ನು ಅವರಿಗೆ ಒಪ್ಪಿಸುವ ನಿರ್ಧಾರ ಮಾಡಿದ್ದು ಆ ಎರಡು ಪುಟಗಳನ್ನು ಓದಿದ ಮೇಲೆ. ನೀವೂ ಹಾಗೇ ಮಾಡಿ ಎಂಬುದು ನನ್ನ ವಿನಂತಿ. ಪತ್ರವನ್ನು ಓದುವ ಮೊದಲೇ ಮೂರು ತಿಂಗಳಲ್ಲಿ ವೀಸಾ ಎನ್ನುವವರ ಕೈಗೆ ಹಣ ಕೊಡಬೇಡಿ.

ಉತ್ತರ 2: ಕಡತದ ಕೆಲಸದವಳು (ಬರ್ಮಿಂಗ್‌ಹ್ಯಾಮ್)

ನಾನು ವಲಸೆ ಕಾನೂನಿನ ಕಚೇರಿಯೊಂದರಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಬರೆಯುತ್ತಿರುವುದು ಸಾಮಾನ್ಯ ಮಾಹಿತಿ ಮಾತ್ರ. ನಿಮ್ಮ ಪತ್ರವನ್ನು ನೋಡದೆ ಹೀಗೇ ಮಾಡಿ ಎಂದು ಹೇಳುವುದು ನನ್ನಿಂದಲೂ ಸರಿಯಲ್ಲ.

ಬ್ರಿಟನ್‌ನಲ್ಲಿ ವಲಸೆಯ ವಿಷಯದಲ್ಲಿ ಸಲಹೆ ಕೊಡುವುದನ್ನೇ ವೃತ್ತಿಯಾಗಿ ನಡೆಸಲು ಎಲ್ಲರಿಗೂ ಅಧಿಕಾರವಿಲ್ಲ. 1999ರ ಇಮಿಗ್ರೇಷನ್ ಅಂಡ್ ಅಸೈಲಮ್ ಕಾಯ್ದೆಯ ಪ್ರಕಾರ ಅರ್ಹತೆ ಇಲ್ಲದವರು ಹಾಗೆ ಮಾಡುವುದು ಅಪರಾಧ. ಎರಡು ವರ್ಷಗಳವರೆಗೆ ಜೈಲಾಗಬಹುದು. ಅರ್ಹರೆಂದರೆ ಮುಖ್ಯವಾಗಿ ಸಾಲಿಸಿಟರ್‌ಗಳು, ನ್ಯಾಯಾಲಯದಲ್ಲಿ ವಾದಿಸುವ ವಕೀಲರಾದ ಬ್ಯಾರಿಸ್ಟರ್‌ಗಳು, ಮತ್ತು ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿತರಾದ ಸಲಹೆಗಾರರು. ಈ ಸಂಸ್ಥೆಗೆ 2025ರ ಜನವರಿಯವರೆಗೆ ಒಐಎಸ್‌ಸಿ ಎಂಬ ಹೆಸರಿತ್ತು, ಆದ್ದರಿಂದ ಹಳೆಯ ಬರಹಗಳಲ್ಲಿ ಆ ಹೆಸರೇ ಕಾಣಿಸುತ್ತದೆ. ನೋಂದಾಯಿತ ಸಲಹೆಗಾರರಲ್ಲಿ ಮೂರು ಹಂತಗಳಿವೆ, ಬಹಳ ಜನ ಎಡವುವುದು ಇಲ್ಲೇ. ಮೊದಲ ಹಂತದವರು ಸರಳ ಅರ್ಜಿಗಳಿಗೆ ನೆರವಾಗಬಹುದು, ಎರಡನೆಯ ಹಂತದವರು ಹೆಚ್ಚು ತೊಡಕಿನ ಕೆಲಸ ಮಾಡಬಹುದು. ಮೇಲ್ಮನವಿಯನ್ನು ಕೇಳುವ ಟ್ರಿಬ್ಯುನಲ್‌ನಲ್ಲಿ ನಿಮ್ಮ ಪರವಾಗಿ ನಿಂತು ವಾದಿಸಬೇಕಾದರೆ ಮೂರನೆಯ ಹಂತದವರೇ ಬೇಕು. ಗೋಡೆಯ ಮೇಲೆ ಪ್ರಮಾಣಪತ್ರ ತೂಗುಹಾಕಿದ್ದಾರೆ ಎಂದಷ್ಟಕ್ಕೆ ತೃಪ್ತರಾಗದೆ, ಅಥಾರಿಟಿಯ ಜಾಲತಾಣದಲ್ಲಿರುವ ಪಟ್ಟಿಯಲ್ಲಿ ಅವರ ಹೆಸರನ್ನೂ ಹಂತವನ್ನೂ ನೀವೇ ನೋಡಿಕೊಳ್ಳಿ. ಸಾಲಿಸಿಟರ್ ಆದರೆ ಅವರ ನಿಯಂತ್ರಣ ಸಂಸ್ಥೆಯಾದ ಎಸ್‌ಆರ್‌ಎ ಪಟ್ಟಿಯಲ್ಲಿ ಹುಡುಕಬಹುದು. ವಾದಕ್ಕೆ ಮಾತ್ರ ಒಬ್ಬರು ಬೇಕೆನಿಸಿದರೆ, ಸಾಲಿಸಿಟರ್ ಮೂಲಕ ಹೋಗದೆ ನೇರವಾಗಿ ಜನರ ಪ್ರಕರಣ ತೆಗೆದುಕೊಳ್ಳಲು ಅನುಮತಿ ಇರುವ ಬ್ಯಾರಿಸ್ಟರ್‌ಗಳೂ ಇದ್ದಾರೆ. ಆಗ ಕಡತ ಜೋಡಿಸುವ ಕೆಲಸ ನಿಮ್ಮ ಮೇಲೇ ಬೀಳುತ್ತದೆ, ಖರ್ಚು ಕಡಿಮೆಯಾಗುತ್ತದೆ.

ಈ ಕಾನೂನು ಬ್ರಿಟನ್‌ನೊಳಗೆ ಕೊಡುವ ಸಲಹೆಗೆ ಅನ್ವಯಿಸುವುದರಿಂದ ಬೆಂಗಳೂರಿನ ಏಜೆಂಟರು ಅದರ ಕೈಗೆ ಸಿಗುವುದಿಲ್ಲ. ಅವರು ತಪ್ಪು ಮಾಡಿದರೆ ನೀವು ದೂರು ಕೊಡಲು ಇಲ್ಲಿ ಯಾವ ನಿಯಂತ್ರಣ ಸಂಸ್ಥೆಯೂ ಇರುವುದಿಲ್ಲ. ಈಗಾಗಲೇ ಮದುವೆಯ ದಿನಾಂಕವನ್ನೇ ತಪ್ಪಾಗಿ ತುಂಬಿದವರಿಗೆ ಮೇಲ್ಮನವಿಯನ್ನು ಒಪ್ಪಿಸುವುದು ನನಗೆ ಸರಿ ಕಾಣುತ್ತಿಲ್ಲ. ಇನ್ನೊಂದು ಮುಖ್ಯ ಮಾತು: ಆ ತಪ್ಪು ಹೇಗಾಯಿತೆಂದು ಟ್ರಿಬ್ಯುನಲ್‌ಗೆ ವಿವರಿಸಬೇಕಾಗುತ್ತದೆ, ಮತ್ತು ತಪ್ಪು ಮಾಡಿದವರೇ ಆ ವಿವರಣೆಯನ್ನು ಬರೆಯುವಂತಾಗಬಾರದು. ನೀವು ಅವರಿಗೆ ಕಳುಹಿಸಿದ ಮಾಹಿತಿ, ಅವರು ಕೊಟ್ಟ ರಸೀದಿ, ವಾಟ್ಸ್ಆ್ಯಪ್ ಸಂದೇಶಗಳು, ಎಲ್ಲವನ್ನೂ ಇಂದೇ ತೆಗೆದಿಟ್ಟುಕೊಳ್ಳಿ.

ಇನ್ನು ಮೇಲ್ಮನವಿಯೋ ಹೊಸ ಅರ್ಜಿಯೋ ಎಂಬ ಪ್ರಶ್ನೆ. ಆದಾಯದ ಕಾರಣವೊಂದೇ ಇದ್ದಿದ್ದರೆ ಹೊಸ ಅರ್ಜಿಯೇ ಬೇಗ ಮುಗಿಯುವ ದಾರಿ ಎನ್ನುತ್ತಿದ್ದೆ. ಒಂದೇ ಕಂಪನಿಯಲ್ಲಿ ಆರು ತಿಂಗಳು ತುಂಬಿದವರು ಆರು ತಿಂಗಳ ಪೇ ಸ್ಲಿಪ್, ಅದಕ್ಕೆ ತಾಳೆಯಾಗುವ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಪತ್ರ ಕೊಟ್ಟರೆ ಸಾಕು. ಆರು ತಿಂಗಳಾಗದವರು ಈಗಿನ ಸಂಬಳದ ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ನಿಜವಾಗಿ ಕೈಗೆ ಬಂದ ಆದಾಯವನ್ನೂ ತೋರಿಸಬೇಕು, ಅಂದರೆ ಹಳೆಯ ಕಂಪನಿಯ ದಾಖಲೆಗಳೂ ಬೇಕು. ನಿಮ್ಮ ಅರ್ಜಿಯಲ್ಲಿ ತಪ್ಪಿದ್ದು ಇದೇ ಇರಬೇಕು. ಮಾರ್ಚ್‌ನಿಂದ ಎಣಿಸಿದರೆ ಈಗ ನಿಮಗೆ ಆರು ತಿಂಗಳು ದಾಟಿರುವುದರಿಂದ ಹೊಸ ಅರ್ಜಿಯಲ್ಲಿ ಈ ತೊಡಕೇ ಇರುವುದಿಲ್ಲ. ಆದರೆ ಹೊಸ ಅರ್ಜಿಯ ಶುಲ್ಕ ದೊಡ್ಡದು. 2025ರ ಏಪ್ರಿಲ್‌ನಲ್ಲಿ ಅದು 1,938 ಪೌಂಡ್ ಆಗಿತ್ತು, ಇಲ್ಲಿಯ ಸರ್ಕಾರಿ ವೈದ್ಯಕೀಯ ಸೇವೆಗಾಗಿ ಕಟ್ಟುವ ಆರೋಗ್ಯ ಶುಲ್ಕ ಬೇರೆ. ನಿರಾಕರಣೆಯಾದಾಗ ಆರೋಗ್ಯ ಶುಲ್ಕ ವಾಪಸ್ ಬರುತ್ತದೆ, ಅರ್ಜಿಯ ಶುಲ್ಕ ಬರುವುದಿಲ್ಲ. ಕ್ಷಯರೋಗ ಪರೀಕ್ಷೆಯ ಪ್ರಮಾಣಪತ್ರಕ್ಕೂ ಆರೇ ತಿಂಗಳ ಆಯುಸ್ಸು, ಮತ್ತೆ ಮಾಡಿಸಬೇಕಾಗಬಹುದು.

ದಾಂಪತ್ಯದ ಬಗ್ಗೆ ಎತ್ತಿರುವ ಶಂಕೆ ಮಾತ್ರ ಹೊಸ ಅರ್ಜಿ ಹಾಕಿದೊಡನೆ ಮಾಯವಾಗುವುದಿಲ್ಲ; ಮುಂದಿನ ಅಧಿಕಾರಿಯೂ ಹಳೆಯ ಪತ್ರವನ್ನು ಓದುತ್ತಾರೆ. ಈ ಕಾರಣಕ್ಕೆ ನಿಮ್ಮ ಪ್ರಕರಣದಲ್ಲಿ ಮೇಲ್ಮನವಿಗೆ ಬೆಲೆಯಿದೆ ಎಂದು ನನ್ನ ಅನಿಸಿಕೆ. ಇಂಥ ಮೇಲ್ಮನವಿ ಕುಟುಂಬ ಜೀವನದ ಹಕ್ಕಿನ ಆಧಾರದ ಮೇಲೆ ನಡೆಯುವುದರಿಂದ, ನಿರ್ಧಾರವಾದ ನಂತರದ ಸಂಗತಿಗಳನ್ನೂ ಟ್ರಿಬ್ಯುನಲ್ ಪರಿಗಣಿಸಬಹುದು: ಆಮೇಲೆ ನೀವು ಊರಿಗೆ ಹೋಗಿ ಬಂದದ್ದು, ಈಗಿನ ಪೇ ಸ್ಲಿಪ್‌ಗಳು, ಎಲ್ಲ. ವಾದದ ಟಿಪ್ಪಣಿ ಮತ್ತು ಸಾಕ್ಷ್ಯಗಳು ತಲುಪಿದ ಮೇಲೆ ವೀಸಾ ನಿರ್ಧರಿಸುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸ್ ತನ್ನ ನಿರ್ಧಾರವನ್ನು ಮತ್ತೊಮ್ಮೆ ಪರಿಶೀಲಿಸಬೇಕು, ಮತ್ತು ಕಡತ ಗಟ್ಟಿಯಾಗಿದ್ದರೆ ಆ ಘಟ್ಟದಲ್ಲೇ ನಿರಾಕರಣೆಯನ್ನು ಹಿಂದಕ್ಕೆ ಪಡೆದ ಪ್ರಕರಣಗಳನ್ನು ನಾನು ಕಂಡಿದ್ದೇನೆ. ವೃತ್ತಿಪರರ ನೆರವಿಗೆ ಹಣ ಕೊಡುವುದು ಸಾರ್ಥಕವಾಗುವುದು ಹೆಚ್ಚಾಗಿ ಇಲ್ಲೇ, ವಿಚಾರಣೆಯ ದಿನಕ್ಕಿಂತ ಬಹಳ ಮೊದಲು. ಗೆದ್ದರೆ ಮೇಲ್ಮನವಿಯ ಶುಲ್ಕವನ್ನು ಹಿಂತಿರುಗಿಸುವಂತೆ ನ್ಯಾಯಾಧೀಶರು ಆದೇಶಿಸಬಹುದು, ವಕೀಲರ ಖರ್ಚು ಮಾತ್ರ ನಿಮ್ಮದೇ ಎಂದು ಲೆಕ್ಕ ಹಾಕಿಕೊಳ್ಳಿ.

ಉತ್ತರ 3: ಶರಾವತಿ (ಕಾರ್ಡಿಫ್)

ಈ ಚರ್ಚೆ ಓದುವ ಬೇರೆಯವರಿಗಾಗಿ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ನಾವು ಇದೇ ವಿಷಯದಲ್ಲಿ ಮೋಸಹೋದೆವು. ನನ್ನ ಗಂಡ ಆಗ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದರು, ನಾನು ಅವಲಂಬಿತಳಾಗಿ ಅರ್ಜಿ ಹಾಕಿದ್ದೆ. ನಿರಾಕರಣೆಯಾದಾಗ ಶಿವಮೊಗ್ಗದಲ್ಲಿ ಒಬ್ಬರು ‘ಅಪೀಲಿಗೆ’ ಎಂದು ನಮ್ಮಿಂದ 90,000 ರೂಪಾಯಿ ಪಡೆದರು. ಆದರೆ ಆ ಬಗೆಯ ಅರ್ಜಿಗೆ ಟ್ರಿಬ್ಯುನಲ್ ಮೇಲ್ಮನವಿಯೇ ಇರಲಿಲ್ಲ. ಇದ್ದದ್ದು ಹೋಮ್ ಆಫೀಸೇ ತನ್ನ ನಿರ್ಧಾರವನ್ನು ಮತ್ತೆ ನೋಡುವ, 80 ಪೌಂಡ್ ಶುಲ್ಕದ ಆಡಳಿತಾತ್ಮಕ ಮರುಪರಿಶೀಲನೆ ಮಾತ್ರ, ಅದಕ್ಕೂ 28 ದಿನಗಳ ಗಡುವು. ಇದು ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿತ್ತು. ತಂದೆ ತಾಯಿ ನೋಡಲು ಬರುವ ವಿಸಿಟರ್ ವೀಸಾಗೂ ಈಗ ಸಾಮಾನ್ಯವಾಗಿ ಮೇಲ್ಮನವಿಯ ಹಕ್ಕಿಲ್ಲ. ಕುಟುಂಬದವರ ಭೇಟಿಗೆ ಹಿಂದೆ ಇದ್ದ ಹಕ್ಕನ್ನು 2013ರಲ್ಲಿ ತೆಗೆದುಹಾಕಿದರು. ನಿಮಗೆ ಯಾವ ದಾರಿ ಇದೆ ಎಂಬುದನ್ನು ನಿರಾಕರಣ ಪತ್ರದ ಕೊನೆಯ ಭಾಗದಲ್ಲೇ ಬರೆದಿರುತ್ತಾರೆ. ಯಾರನ್ನಾದರೂ ಕಾಣುವ ಮೊದಲು ಅದನ್ನು ಎರಡು ಸಲ ಓದಿ.

ದಾಂಪತ್ಯದ ಸಾಕ್ಷ್ಯದ ಬಗ್ಗೆಯೂ ಹೇಳಬೇಕು. ಲಗ್ನಪತ್ರಿಕೆ ಕನ್ನಡದಲ್ಲಿದ್ದರೆ ಅನುವಾದ ಬೇಕು. ಅನುವಾದದ ಮೇಲೆ ಅದು ಮೂಲಕ್ಕೆ ನಿಷ್ಠವಾಗಿದೆ ಎಂಬ ಹೇಳಿಕೆ, ದಿನಾಂಕ, ಅನುವಾದಕರ ಹೆಸರು, ಸಹಿ, ಸಂಪರ್ಕ ವಿವರ ಇರಬೇಕು. ನಮ್ಮಲ್ಲಿ ಮುಹೂರ್ತ ಒಂದು ದಿನ, ನೋಂದಣಿ ಇನ್ನೊಂದು ದಿನ ಆಗುವುದು ಸಹಜವೆಂದು ಅಲ್ಲಿ ಕೂತ ಅಧಿಕಾರಿಗೆ ತಿಳಿದಿರುವುದಿಲ್ಲ, ನೀವೇ ಹೇಳಿಕೆಯಲ್ಲಿ ಬಿಡಿಸಿ ಬರೆಯಬೇಕು. ಇನಿಷಿಯಲ್‌ಗಳದೂ ಇದೇ ಕಥೆ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅವೇ ಅಕ್ಷರಗಳು ಊರಿನ ಹೆಸರಾಗಿ ತಂದೆಯ ಹೆಸರಾಗಿ ಬಿಡಿಸಿಕೊಂಡಿರುತ್ತವೆ. ಎರಡೂ ಒಬ್ಬರದೇ ಎಂದು ಒಂದು ಅಫಿಡವಿಟ್ ಇರಲಿ.

ಹೇಮಾವತಿ ದಂಡೆ (ಲೆಸ್ಟರ್)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪತ್ರದ ಕೊನೆಯ ಭಾಗವನ್ನು ಓದಿದೆ. ಮೇಲ್ಮನವಿಯ ಹಕ್ಕಿದೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ನನ್ನ ಹೆಂಡತಿ ಊರಿನಿಂದಲೇ ವಿಡಿಯೊ ಮೂಲಕ ಸಾಕ್ಷ್ಯ ಹೇಳಬಹುದೇ, ಅಥವಾ ವಿಚಾರಣೆಗೆ ನಾನೊಬ್ಬನೇ ಹೋಗಬೇಕೇ ಎಂಬುದೊಂದು ಸಂದೇಹ ಉಳಿದಿದೆ.

ಕಡತದ ಕೆಲಸದವಳು (ಬರ್ಮಿಂಗ್‌ಹ್ಯಾಮ್)

ಸಾಮಾನ್ಯವಾಗಿ ಇಲ್ಲಿರುವ ಸಂಗಾತಿಯೇ ಬಾಯಿಮಾತಿನ ಸಾಕ್ಷ್ಯ ಕೊಡುತ್ತಾರೆ, ಅಲ್ಲಿರುವವರು ಸಹಿ ಮಾಡಿದ ಲಿಖಿತ ಹೇಳಿಕೆ ಕೊಡುತ್ತಾರೆ. ಬೇರೆ ದೇಶದಿಂದ ವಿಡಿಯೊ ಮೂಲಕ ಸಾಕ್ಷ್ಯ ಹೇಳಲು ಆ ದೇಶದ ಆಕ್ಷೇಪವಿಲ್ಲವೆಂದು ಮೊದಲೇ ಖಚಿತವಾಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆದ್ದರಿಂದ ನಿಮ್ಮ ಪತ್ನಿಯವರ ಹೇಳಿಕೆ ಅವರದೇ ಮಾತಿನಲ್ಲಿ, ವಿವರವಾಗಿ ಇರಲಿ. ಅವರಿಗೆ ಕನ್ನಡದಲ್ಲಿ ಬರೆಯುವುದು ಸಲೀಸೆನಿಸಿದರೆ ಕನ್ನಡದಲ್ಲೇ ಬರೆಯಲಿ, ಅನುವಾದ ಮಾಡಿಸಿ ಎರಡನ್ನೂ ಸೇರಿಸಿ. ಫೋನ್ ಕರೆಗಳ ದಾಖಲೆ, ನೀವು ಮನೆಗೆ ಕಳುಹಿಸಿದ ಹಣದ ವಿವರ, ವಿಮಾನದ ಟಿಕೆಟ್‌ಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ವಾಟ್ಸ್ಆ್ಯಪ್ ಸಂದೇಶಗಳನ್ನು ಸಾವಿರ ಪುಟ ಮುದ್ರಿಸಬೇಡಿ. ತಿಂಗಳಿಗೆ ಒಂದೆರಡು ಪುಟ ಆರಿಸಿ, ಅವುಗಳ ಅನುವಾದವನ್ನು ಇಡಿ. ಮೇಲ್ಮನವಿ ಬಾಕಿ ಇರುವಾಗಲೇ ಹೊಸ ಅರ್ಜಿ ಹಾಕುವುದು ನಿಮ್ಮ ಸಂದರ್ಭದಲ್ಲಿ ಒಳಿತೇ ಎಂಬುದನ್ನೂ ಸಾಲಿಸಿಟರ್ ಅವರ ಬಳಿ ಬರಹದಲ್ಲಿ ಕೇಳಿ.

ಹೇಮಾವತಿ ದಂಡೆ (ಲೆಸ್ಟರ್)

ಅರ್ಥವಾಯಿತು, ಮೇಡಂ. ಎಸ್‌ಆರ್‌ಎ ಪಟ್ಟಿಯಲ್ಲಿ ಪರಿಶೀಲಿಸಿ ಇಲ್ಲಿನ ಸಾಲಿಸಿಟರ್ ಒಬ್ಬರ ಭೇಟಿಯನ್ನು ಗುರುವಾರಕ್ಕೆ ನಿಗದಿ ಮಾಡಿಕೊಂಡಿದ್ದೇನೆ. ಒಂದು ಭೇಟಿ, ಒಂದು ಲಿಖಿತ ಅಭಿಪ್ರಾಯ, ಅಷ್ಟಕ್ಕೆ ಮಾತ್ರ ಶುಲ್ಕ. ಆ ದಿನಕ್ಕೆ ಗಡುವಿಗೆ ಇನ್ನೂ ಹದಿಮೂರು ದಿನ ಉಳಿದಿರುತ್ತವೆ. ಏಜೆಂಟರಿಗೆ ಹಣ ಕೊಡುವುದಿಲ್ಲವೆಂದು ಮಾವನವರಿಗೆ ಫೋನಿನಲ್ಲಿ ಹೇಳಿದೆ. ಮೊದಲು ಬೇಸರಪಟ್ಟುಕೊಂಡರು, ಶರಾವತಿ ಅವರ ಮಾತುಗಳನ್ನು ಓದಿ ಹೇಳಿದ ಮೇಲೆ ಒಪ್ಪಿದರು. ಹೆಂಡತಿ ತನ್ನ ಹೇಳಿಕೆಯನ್ನು ನಿನ್ನೆ ರಾತ್ರಿಯಿಂದ ಕನ್ನಡದಲ್ಲಿ ಬರೆಯಲು ತೊಡಗಿದ್ದಾಳೆ, ಈವರೆಗೆ ಐದು ಪುಟಗಳಾಗಿವೆ.